ನಲವತ್ತು ಗ್ರಾಂ

ಪಂಜಿಮೊಗರಿನ ನಮ್ಮ ಶಾಲೆಗೆ
ಗುಡ್ಡದ ಮೇಲಿನ ಗಾಜಿನ ಕಂಪನಿ
ಹನ್ನೆರಡು ಕಂಪ್ಯೂಟರು ಕೊಟ್ಟಿತು, ಒಂದು ಫಲಕವನ್ನೂ.
ಫಲಕ ದೊಡ್ಡದು; ಕಿಟಕಿಯ ಅರ್ಧ ಬೆಳಕು ಅದಕ್ಕೇ ಹೋಯಿತು.

"ಊರು ಬೆಳೆಯುತ್ತಿದೆ, ನಮಗೆ ಕೈಗಳು ಬೇಕು"
ಎಂದರು ಬಂದವರು, ಗೋಳಿಬಜೆ ತಿಂದು, ಬೆರಳೊರೆಸಿಕೊಂಡು.

ಎಂಟನೆಯ ತರಗತಿಯ ಮಿಸ್ರಿಯಾ
ಕೈ ಎತ್ತಲಿಲ್ಲ.
ಅವಳ ಕೈಗೆ ಆಗಲೇ ಕೆಲಸವಿತ್ತು:
ಅಮ್ಮ ಸುತ್ತಿದ ಬೀಡಿಯ ಬಾಯಿ ಮಡಚುವುದು,
ದಿನಕ್ಕೆ ಆರುನೂರು.

ಆಟಿಯಿಂದ ದೀಪಾವಳಿಯವರೆಗೆ ಅವಳು
ಲೋಡ್ ಸೆಲ್ಲಿಗೆ ತಂತಿ ಬೆಸೆದಳು, ಸುಟ್ಟಳು, ಮತ್ತೆ ಬೆಸೆದಳು.
ನನಗೂ ಗೊತ್ತಿರಲಿಲ್ಲ; ಇಬ್ಬರೂ ಒಟ್ಟಿಗೇ ಕಲಿತೆವು.
ಬೆಲ್ಲದ ಡಬ್ಬಿಯ ಮುಚ್ಚಳವೇ ತಟ್ಟೆ.
ಸೊನ್ನೆಗೆ ನಿಲ್ಲಿಸಲಿಕ್ಕೇ ಮೂರು ವಾರ.

ಪ್ರದರ್ಶನದ ದಿನ ಉಳಿದವರು ರೋಬೋಟ್ ಓಡಿಸಿದರು.
ಇವಳು ಬೀಡಿ ಬ್ರಾಂಚಿನಿಂದ ತಂದ
ಹೊಗೆಸೊಪ್ಪಿನ ಪೊಟ್ಟಣ ಇಟ್ಟಳು, ಅಷ್ಟೇ.
ಚೀಟಿಯಲ್ಲಿ ಇನ್ನೂರೈವತ್ತು.
ಕೆಂಪು ಅಂಕಿ ನಡುಗಿ ನಡುಗಿ ನಿಂತದ್ದು
ಇನ್ನೂರ ಹತ್ತಕ್ಕೆ.

ಕಂಪನಿಯವರು ನಕ್ಕರು. "ಚೆನ್ನಾಗಿದೆ,
ಇದನ್ನು ಮಾರಬಹುದು."
"ಯಾರಿಗೆ ಸರ್?" ಎಂದಳು.

ಹಿಂದಿನ ಬೆಂಚಿನಲ್ಲಿ ಅವಳಮ್ಮ,
ಕಡಿಮೆ ಬಿದ್ದ ಸೊಪ್ಪನ್ನು ತಾವೇ ಕೊಂಡು ತುಂಬಿದ
ಹನ್ನೊಂದು ವರ್ಷಗಳ ನಲವತ್ತುಗಳನ್ನು
ತುಟಿಯಲ್ಲೇ ಕೂಡುತ್ತಿದ್ದರು.