ಅಡಿಯ ಬರಹ

ಖುರ್ಜಾದಿಂದ ಬಂದ ಪೆಟ್ಟಿಗೆ. ಒಳಗೆ ಒಣಹುಲ್ಲು,
ಹಿಂದಿ ಪೇಪರು, ಯಾರದೋ ಮದುವೆ ಜಾಹೀರಾತು,
ಅದರೊಳಗೆ ಬಟ್ಟಲುಗಳು: ಬಿಳಿ ಮೈ, ನೀಲಿ ಹೂ.
ಯಾವ ಹೂವೋ. ಡೇಲಿಯಾ ಅಂದರು ಬೊಳ್ಳಮ್ಮ,
ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ನಮ್ಮಂಗಡಿಯ ಮೆಟ್ಟಿಲಲ್ಲಿ ನಿಂತು.
"ಚೀನಾದ್ದಾ?"
"ಚೀನಾದ ಹಾಗೆ" ಅಂದರು ಮೊಯ್ದು ಕಾಕ.
ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ,
ಅದಕ್ಕೇ ಅಂಗಡಿಗೆ ಇನ್ನೂ ಒಂದೇ ಬಾಗಿಲು.

ಹಿಡಿಯಿಲ್ಲ. ಬೆಲ್ಲದ ಕಾಫಿ ಸುರಿದರೆ ಬೆರಳು ಬೇಯುತ್ತದೆ.
ಅವರು ಒಂದನ್ನು ಮಗುಚಿದರು. ಅಡಿಯಲ್ಲಿ
ಚೌಕದೊಳಗೆ ಒತ್ತೊತ್ತಾಗಿ ನಾಲ್ಕು ಅಕ್ಷರ.
"ಏನು ಬರೆದಿದೆ ಸೈನಬಾ?"
ಕಾಕ ಚಿಲ್ಲರೆ ತರಲು ಹೋಗಿದ್ದರು.
"ಬಿಸಿ ಇದೆ, ಜೋಪಾನ" ಅಂದೆ.
ಆರು ಕಟ್ಟಿಸಿಕೊಂಡರು, ಸಾಲಕ್ಕೆ.

ಮಳೆ ಕಳೆದ ಮೇಲೆ ಬೈಲುಕುಪ್ಪೆಯ ಲಾಮಾ ಒಬ್ಬರು
ಫ್ಲಾಸ್ಕಿಗೆ ಮುಚ್ಚಳ ಹುಡುಕುತ್ತ ಬಂದರು.
ಉಳಿದ ಬಟ್ಟಲೊಂದನ್ನು ಮುಂದಿಟ್ಟೆ.
ಕನ್ನಡಕ ಏರಿಸಿ, ತಿರುಗಿಸಿ, ಮತ್ತೆ ತಿರುಗಿಸಿ,
"ಅಕ್ಷರ ಅಲ್ಲ ಇದು. ಅಕ್ಷರದ ಹಾಗೆ ಇದೆ.
ಬರೆದವರಿಗೆ ಓದಲು ಬಾರದು."
ನಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

ಅಲ್ಲಿ ಖುರ್ಜಾದಲ್ಲಿ ಯಾರೋ ಒಬ್ಬಳು
ಕುಂಚದ ತುದಿಯನ್ನು ನಾಲಿಗೆಗೆ ಒತ್ತಿ
ತನಗೆ ಗೊತ್ತಿಲ್ಲದ್ದನ್ನು
ದಿನಕ್ಕೆ ಇನ್ನೂರು ಸಲ.

ಹುತ್ತರಿಯ ಮಾರನೆಯ ದಿನ
ಬಾಕಿ ಕೇಳಲು ಬೊಳ್ಳಮ್ಮನ ಮನೆಗೆ ಹೋದೆ.
ಜಗಲಿ ತುಂಬ ನೆಂಟರು.
ಕಾಫಿ ಸುರಿಯುವ ಮುಂಚೆ ಖಾಲಿ ಬಟ್ಟಲು ಮಗುಚಿ
ಮೊಮ್ಮಗಳ ಬೆರಳು ಹಿಡಿದು
ಓದಿಸುತ್ತಿದ್ದರು, ಒಂದೊಂದಾಗಿ:
ಬಿಸಿ.
ಇದೆ.
ಜೋ.
ಪಾನ.

ಬಾಕಿ ಕೇಳದೆ ಬಂದೆ.