ಬಸ್ಸಿಗೆ ಎಷ್ಟು ಪೆಟ್ಟು

ಅಕ್ಷರ ಎಂದೆ.
ಬರೆಯಲಿಕ್ಕೋ ಎಂಬಂತೆ ಮೋನಪ್ಪಣ್ಣ
ಮಡಿಲಲ್ಲಿ ಮಲಗಿದ ಬಲಗೈ ನೋಡಿಕೊಂಡರು.
ಮಾತ್ರೆ ಎಂದೆ.
ವಾರಿಜಕ್ಕ ಚೀಲಕ್ಕೆ ಕೈಹಾಕಿ,
‘ಬೆಳಿಗ್ಗಿನದ್ದು ಆಯ್ತು, ಮಧ್ಯಾಹ್ನದ್ದು ಈಗಲೇ ಕೊಡುವುದಾ?’
ಕಡೆಗೆ ಪೆಟ್ಟು ಎಂದು ಇಟ್ಟುಕೊಂಡೆವು.
ಒಂದು ಶಬ್ದಕ್ಕೆ ಎಷ್ಟು ಪೆಟ್ಟು,
ಎಡಗೈಯಲ್ಲಿ, ಮೇಜಿಗೆ.

ಅತ್ತಾವರದ ಈ ಸಣ್ಣ ಕೋಣೆಯಲ್ಲಿ
ನನ್ನ ಹತ್ತಿರ ಇರುವ ಪಟ್ಟಿ ಇಂಗ್ಲಿಷಿನದ್ದು.
ಕನ್ನಡದ್ದು ಮಾಡುವ ಎಂದು ಹೇಳಿ ಮೂರು ವರ್ಷವಾಯಿತು,
ತುಳುವಿನದ್ದು ಯಾರೂ ಹೇಳಿಯೂ ಇಲ್ಲ.
ಪರವಾಗಿಲ್ಲ. ಇಪ್ಪತ್ತೇಳು ವರ್ಷ
ಸ್ಟೇಟ್ ಬೇಂಕಿನಿಂದ ಸುರತ್ಕಲ್ಲಿಗೆ, ಸುರತ್ಕಲ್ಲಿಂದ ವಾಪಸು,
ಅವರ ಬಾಯಲ್ಲಿದ್ದದ್ದೂ ಇವೇ.

ಟಿಕೆಟ್. ಟಕ್ ಟಕ್. ಸರಿ.
ಸೀಟ್. ಟಕ್. ಸ್ವಲ್ಪ ತಡೆದು, ಟಕ್.
ಪಾಸ್, ಎರಡು. ಚೇಂಜ್, ಎರಡು.
ಒಂದು ಇರಬೇಕಾದಲ್ಲೆಲ್ಲ ಎರಡು.
ತಪ್ಪು, ತಪ್ಪು ಎಂದು ಗುರುತು ಹಾಕುತ್ತ
ನನ್ನ ಬಾಯಿಯೇ ನನಗೆ ಕೇಳಿಸಿತು:
ಮನೆಯಲ್ಲಿ ನಾನೂ ಸೀಟು, ಪಾಸು, ಚೇಂಜು.
ನಮ್ಮ ನಾಲಿಗೆ ಯಾವ ಶಬ್ದವನ್ನೂ
ಒಂಟಿಕಾಲಲ್ಲಿ ನಿಲ್ಲಿಸಿ ಕಳಿಸುವುದಿಲ್ಲ,
ಕೊನೆಗೊಂದು ಉಕಾರ ಹಾಸಿ ಕೂರಿಸಿಯೇ ಬಿಡುತ್ತದೆ.
ತಪ್ಪುಗಳ ಮೇಲೆ ಗೀಟು ಎಳೆದೆ.

ಬಸ್.
ಟಕ್ ಟಕ್.
‘ಇದೊಂದನ್ನು ಇಂಗ್ಲಿಷಿನ ಹಾಗೆಯೇ ನೋಡುವ ಅಣ್ಣ,
ಗದ್ದದಡಿ ಕೈ ಇಟ್ಟು ನೋಡಿ, ದವಡೆ ಒಮ್ಮೆ ಇಳಿದರೆ ಒಂದು.
ಬಸ್.’
ಅವರ ಬೆರಳು ಹಿಡಿದು ನಾನೇ ತಟ್ಟಿಸಿದೆ.
ಒಂದೇ ಪೆಟ್ಟು.
ಕೈ ಕಿತ್ತುಕೊಂಡರು. ಕಿವಿಯವರೆಗೂ ಕೆಂಪು.
ಇಷ್ಟು ಸಿಟ್ಟು ಈ ಎರಡು ತಿಂಗಳಲ್ಲಿ ಕಂಡದ್ದಿಲ್ಲ.
ನಡುಬೀದಿಯಲ್ಲಿ, ಸ್ಟಾಪೂ ಅಲ್ಲದಲ್ಲಿ
ಯಾರೋ ಹಗ್ಗ ಎಳೆದ ಹಾಗೆ.

ವಾರಿಜಕ್ಕ ನಕ್ಕುಬಿಟ್ಟರು:
‘ಒಂದು ಹೊಡೆದರೆ ನಿಲ್ಲಿಸು ಅಂತ ಅಲ್ಲವಾ ಮಾರಾಯ್ತಿ.
ಎರಡು ಹೊಡೆದರೇ ಬಸ್ಸು.’

ಪಟ್ಟಿ ಮಡಚಿದೆ.
ಪರ್ಸಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು
ಅವರ ಎಡಗೈಗೆ ಕೊಟ್ಟೆ.
ತಿರುಗಿಸಿ ನೋಡಿದರು, ಸವೆದದ್ದೋ ಎಂದು.
ಆಮೇಲೆ ಗಾಲಿಕುರ್ಚಿಯ ಸರಳಿಗೆ
ಟಣ್, ಟಣ್.
ತುಟಿ ಒಂದು ಬದಿಗೆ ಎಳೆಯಿತು,
ಗಂಟಲಲ್ಲಿ ಏನೋ ಗೇರು ಬದಲಾಯಿತು:

‘ರೈಟ್!’

ಎರಡು ತಿಂಗಳಲ್ಲಿ ಮೊದಲ ಶಬ್ದ.
ನನ್ನ ಪಟ್ಟಿಯಲ್ಲಿ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ.
ಪೆಟ್ಟು ಒಂದು. ಉಕಾರ ಇಲ್ಲ.
ತಲೆಯೆತ್ತಿದರೆ ವಾರಿಜಕ್ಕನ ನಗು ಎಲ್ಲಿ ಹೋಯಿತೋ,
ಕುಳಿತಲ್ಲೇ ಮೇಜಿನ ಅಂಚನ್ನು
ಗಟ್ಟಿಯಾಗಿ ಹಿಡಿದುಕೊಂಡಿದ್ದರು,
ಹೊರಟಾಗ ಹಿಡಿದುಕೊಳ್ಳುವ ಹಾಗೆ.