ಏಳರಿಂದ ಹನ್ನೊಂದು

ಏಳಕ್ಕೆ ಡೀಸೆಲ್ ಎಂಜಿನ್ನು ಕೆಮ್ಮಿ ಎದ್ದು ಕೂರುತ್ತದೆ,
ಹನ್ನೊಂದಕ್ಕೆ ಮಲಗುತ್ತದೆ.
ಚಿಲೋಯೆಯ ಈ ಬಾಲಂಗೋಚಿ ದ್ವೀಪಕ್ಕೆ
ಕರೆಂಟು ಅಂದರೆ ಇಷ್ಟೇ, ಯಾಸ್ನಾ.
ಪುಂತಾ ಅರೇನಸ್‌ನಲ್ಲಿ ನಿನಗೆ
ಗೋಡೆಯೊಳಗೇ ಇರುತ್ತಿತ್ತು, ಕೇಳುವ ಮೊದಲೇ.
ಇಲ್ಲಿ ಕಾಯಬೇಕು.

ಇಗೋ, ಎತ್ತಿ ನೋಡು.
ಹನ್ನೆರಡು ವೋಲ್ಟು, ಏಳು ಆಂಪಿಯರ್-ಅವರು.
ಸೀಸದ ಹೊಟ್ಟೆ, ಹೊಲಿದ ಬಾಯಿ.
ದಿನ ತುಂಬುವ ಮುಂಚೆ ಹುಟ್ಟಿದ ಕೂಸಿನ ತೂಕ;
ನರ್ಸು ನೀನು, ಕೈಗೆ ಗೊತ್ತಾಗುತ್ತದೆ.
ಅತ್ತರೆ ತಾಯಿಯಾದರೂ ಹಾಲು ಕೊಟ್ಟಾಳು,
ಇದು ಅಳುವುದಿಲ್ಲ.
ಹಸಿದರೂ ಸುಮ್ಮನೆ, ಹೊಟ್ಟೆ ಬಿರಿದರೂ ಸುಮ್ಮನೆ.
ಅದಕ್ಕೇ ಈ ಮೀಟರು.

ಹದಿನಾಲ್ಕೂವರೆಗೆ ಕೂದಲೆಳೆ ಕಡಿಮೆ,
ಅಲ್ಲಿಗೆ ನಿಲ್ಲಿಸಿದ್ದೇನೆ ಚಾರ್ಜರನ್ನು.
ಜುಲೈ ಚಳಿಗೆ ಒಂದಿಷ್ಟು ಮೇಲೆ;
ಚಳಿಯಲ್ಲಿ ಇದಕ್ಕೂ ಬಾಯಿ ತೆರೆಯಲು ಸೋಮಾರಿತನ.
ಹಾಗಂತ ಒಲೆಯ ಪಕ್ಕ ಇಟ್ಟು ಮರುಗಬೇಡ.
ಒಂದೂವರೆ ಆಂಪಿಯರ್, ಮೀರಬೇಡ.
ನಾಲ್ಕು ಗಂಟೆಯಲ್ಲಿ ತುಂಬದಿದ್ದರೆ
ನಾಳೆಯೂ ಏಳು ಗಂಟೆ ಬರುತ್ತದೆ.

ನೋಡುತ್ತಿರು:
ತುಂಬುತ್ತ ತುಂಬುತ್ತ ಅದು ಕೇಳುವುದೇ ಕಡಿಮೆ.
ಒಂದೂವರೆ, ಒಂದು, ಅರ್ಧ,
ಆಮೇಲೆ ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು.
ಮನುಷ್ಯರಲ್ಲಿ ಇಂಥವರನ್ನು
ನಾನು ಒಬ್ಬರನ್ನೋ ಇಬ್ಬರನ್ನೋ ಕಂಡಿದ್ದೇನೆ.

ತುಂಬಿದ ಕೊಡ ತುಳುಕುವುದಿಲ್ಲ, ನಿಜ.
ಮುಚ್ಚಿದ ಕೊಡಕ್ಕೆ ಸುರಿಯುತ್ತಲೇ ಇದ್ದರೆ?

ನನ್ನ ತಮ್ಮ ನಿಬಾಲ್ದೊ ಸುರಿದ.
ಹಡಗು ಬಾರದ ಆಗಸ್ಟು. ಡೀಸೆಲ್ಲು
ದಿನಕ್ಕೆ ಒಂದೇ ಗಂಟೆಗೆ ಸಾಕಾಗುತ್ತಿತ್ತು.
ದೋಣಿಯ ದೊಡ್ಡ ಬ್ಯಾಟರಿಯ ಚಾರ್ಜರು ತಂದು
ಈ ಮರಿಯ ಬಾಯಿಗೆ ತುರುಕಿದ.
ಉಪ್ಪುಗಾಳಿ ತಾಗದಿರಲಿ ಎಂಬ ಮಮತೆಯಿಂದ
ತಗಡಿನ ಪೆಟ್ಟಿಗೆಯಲ್ಲಿಟ್ಟು
ಮುಚ್ಚಳಕ್ಕೆ ಚಿಲಕ ಹಾಕಿದ.
ಚಿಲಕ, ಯಾಸ್ನಾ!
ಒಳಗೆ ಸೇರಿಕೊಂಡ ಗಾಳಿಗೆ
ಒಂದು ಕಿಡಿ ಸಾಕಿತ್ತು, ಸಿಗಲಿಲ್ಲ. ಪುಣ್ಯ.
ತೆಗೆಯಲು ಹೋದರೆ ಬ್ಯಾಟರಿ ಕೆನ್ನೆ ಊದಿಸಿಕೊಂಡು
ಪೆಟ್ಟಿಗೆಗೇ ಕಚ್ಚಿಕೊಂಡಿದೆ, ಮುಟ್ಟಿದರೆ ಸುಡುತ್ತಿದೆ.

ಆ ರಾತ್ರಿಯೇ ಓರ್ಫೆಲಿನಾಳಿಗೆ ನೋವು ಶುರುವಾಯಿತು.
ಕೆಯೋನ್‌ನಿಂದ ದೋಣಿ ಕರೆಸಬೇಕು.
ರೇಡಿಯೊ ಇದೆ, ಆಂಟೆನಾ ಇದೆ,
ನಿಬಾಲ್ದೊನ ನಾಲಿಗೆಯೂ ಇದೆ.
ದೀಪ ಹತ್ತಲಿಲ್ಲ.
ಅವನು ಪಕ್ಕದ ದ್ವೀಪದವರೆಗೆ ಹುಟ್ಟು ಹಾಕಿಕೊಂಡು ಹೋದ,
ಎದುರು ಗಾಳಿಯಲ್ಲಿ, ಅವರ ರೇಡಿಯೊಗಾಗಿ.
ಕೂಸು ಕಾಯಲಿಲ್ಲ, ನನ್ನ ಕೈಗೇ ಬಂತು.
ಬದುಕಿತು. ಈಗ ಹನ್ನೊಂದು ವರ್ಷ,
ನಮ್ಮ ಬೇಲಿ ಹಾರಿ ಸೇಬು ಕದಿಯುತ್ತಾನೆ.
ನಿಬಾಲ್ದೊ ಮಾತ್ರ ಆಮೇಲೆ
ಮೈಕು ಮುಟ್ಟಲಿಲ್ಲ.
ನಾನು ಪರೀಕ್ಷೆ ಬರೆದೆ, ಐವತ್ತೆಂಟನೇ ವಯಸ್ಸಲ್ಲಿ.

ಹಾಂ, ಮರೆತೆ: ಈ ಫ್ಯೂಸು.
ಕೆಂಪು ತಂತಿಯಲ್ಲಿ, ಬ್ಯಾಟರಿಯ ಹತ್ತಿರವೇ.
ದೂರ ಹಾಕಿದರೆ ಕಳ್ಳ ಹೋದ ಮೇಲೆ ನಾಯಿ ಕಟ್ಟಿದ ಹಾಗೆ.
ಹನ್ನೊಂದು ವೋಲ್ಟಿಗಿಂತ ಕೆಳಗೆ ಬಳಸಬೇಡ,
ಖಾಲಿ ಹೊಟ್ಟೆಯಲ್ಲಿ ವಾರಗಟ್ಟಲೆ ಮಲಗಿಸಬೇಡ;
ಆಮೇಲೆ ಊಟ ಇಟ್ಟರೂ ಸೇರುವುದಿಲ್ಲ.
ಮುಚ್ಚಳ ತೆರೆದೇ ಇರಲಿ. ಕಿಟಕಿಯೂ.
ಚಳಿಯಾದರೆ ನನ್ನ ಪೋಂಚೊ ಹೊದ್ದುಕೋ.

ಇದೋ ಹನ್ನೊಂದು. ಬಲ್ಬು ಕೆಂಪಗಾಗಿ ಹೋಯಿತು.
ಬೇಡ, ಈಗಲೇ ಮೀಟರು ಹಿಡಿಯಬೇಡ.
ಎಲೆಯಿಂದ ಏಳುತ್ತಿರುವವನನ್ನು ಕೇಳಿದರೆ
ಯಾರೂ ಹೊಟ್ಟೆ ತುಂಬಿತು ಅಂತಲೇ ಹೇಳುತ್ತಾರೆ.
ಬೆಳಿಗ್ಗೆ ಕೇಳು.
ಹನ್ನೆರಡೂ ಮುಕ್ಕಾಲು ಅಂದರೆ ನಂಬು.

ಆಮೇಲೆ ಎಂಟಕ್ಕೆ ಸರಿಯಾಗಿ ರೇಡಿಯೊ ಹಾಕು,
ಪಕ್ಕದ ದ್ವೀಪದ ಎಲಿಯೆಸೆರ್ ಹವಾಮಾನ ಓದುತ್ತಾನೆ.
ನಿಧಾನಕ್ಕೆ ಓದುತ್ತಾನೆ, ತಡೆದುಕೋ.
ಗಾಳಿ ಎಷ್ಟು ಅಂತ ಬರೆದುಕೊಂಡು
ಗೋಡೆಯಾಚೆ ಕೇಳುವಷ್ಟು ಜೋರಾಗಿ ಓದು.
ನಿಬಾಲ್ದೊ ಅಲ್ಲಿ ಸೌದೆ ಒಡೆಯುತ್ತಿರುತ್ತಾನೆ.
ಆ ಹೊತ್ತಿಗೆ ಮಾತ್ರ
ಕೊಡಲಿ ಸದ್ದು ನಿಲ್ಲುತ್ತದೆ.